ಸೊನ್ನೆ ಸೆಕೆಂಡಿನ ಪಾಠ

ಕೋಟಿಗಟ್ಟಲೆ ಲೆಕ್ಕವನ್ನು ಕಂಪ್ಯೂಟರು ಸೊನ್ನೆ ಸೆಕೆಂಡಿನಲ್ಲಿ ಮುಗಿಸಿತು ಎಂದು ತುಂಬಿದ ತರಗತಿಯ ಮುಂದೆ ಎದೆಯುಬ್ಬಿಸಿ ಹೇಳಿದ ಮಹಾನುಭಾವ ನಾನೇ. ಹೇಳಿ ಸುಮ್ಮನಾಗದೆ ಚಪ್ಪಾಳೆಗಾಗಿ ಸ್ವಲ್ಪ ಹೊತ್ತು ಕಾದೆ ಕೂಡ.

ಆಂಧ್ರ ಗಡಿಯ ಕಲ್ಯಾಣದುರ್ಗದ ಒಂದು ಸಣ್ಣ ಕಂಪ್ಯೂಟರ್ ಕೋಚಿಂಗ್ ಸೆಂಟರಿನಲ್ಲಿ ಅವತ್ತು ನನ್ನ ಡೆಮೊ ಕ್ಲಾಸು. ಪಾಠ ಹಿಡಿಸಿದರೆ ಮೇಷ್ಟ್ರ ಕೆಲಸ, ಇಲ್ಲದಿದ್ದರೆ ನಮ್ಮೂರು ಹಿಂದೂಪುರಕ್ಕೆ ವಾಪಸು ಬಸ್ಸು. ಆದರೆ ಸೋತು ಹೋಗುವ ಹಾಗಿರಲಿಲ್ಲ. ಅಮ್ಮ ಆಗಲೇ ತನ್ನ ಬಳೆ ಅಂಗಡಿಗೆ ಬಂದವರಿಗೆಲ್ಲ "ನಮ್ಮುಡ್ಗ ಮೇಷ್ಟ್ರಾಗ್ಬುಟ್ಟ ಕಣಮ್ಮ" ಎಂದು ಸಾರಿಬಿಟ್ಟಿದ್ದಳು.

ಪಾಠವನ್ನೂ ಆ ಅಂಗಡಿಯಿಂದಲೇ ಶುರು ಮಾಡಿದೆ. ಚಿಕ್ಕವನಿದ್ದಾಗ ನಾನು ಬಂದವರ ಸೀರೆ, ಮೂಗುತಿ ನೋಡಿ, ತೆಲುಗೋ ಕನ್ನಡವೋ ಎಂದು ತೀರ್ಮಾನಿಸಿ ಆಮೇಲೆ ಬಾಯಿ ಬಿಡುತ್ತಿದ್ದೆ. ಒಮ್ಮೆ ಚಿಲಮತ್ತೂರು ಕಡೆಯ ಅಜ್ಜಿಗೆ "ಏಂ ಕಾವಾಲವ್ವಾ?" ಎಂದು ಏನು ಬೇಕೆಂದು ತೆಲುಗಿನಲ್ಲಿ ಕೇಳಿದೆ. "ಯಾಕ್ಲಾ, ನನ್ ಮೊಕ ನೋಡಿದ್ರೆ ಕನ್ನಡ ಬರಾಕಿಲ್ಲ ಅನ್ನುಸ್ತದಾ?" ಎಂದು ಗದರಿದಳು. ಅಮ್ಮ ಮಾತ್ರ ಯಾರನ್ನೂ ಅಳೆಯುತ್ತಿರಲಿಲ್ಲ. "ರಾಮ್ಮಾ, ಕೂತ್ಕೋ" ಎಂದು ತೆಲುಗಿನಲ್ಲಿ ಕರೆದು ಕನ್ನಡದಲ್ಲಿ ಕೂರಿಸುತ್ತಿದ್ದಳು. ಬಂದವರು ತಮ್ಮ ತಮ್ಮ ಭಾಷೆಯಲ್ಲಿ ಮಾತಿಗಿಳಿಯುತ್ತಿದ್ದರು. ಬಳೆ ಸದ್ದಿನ ನಡುವಿನ ಆ ಕಲಬೆರಕೆ ಮಾತು ನೆನೆದರೆ ಈಗಲೂ ಮನೆಗೆ ಹೋಗಬೇಕೆನಿಸುತ್ತದೆ.

ನನ್ನದು ಟೈಪ್ ಚೆಕ್, ಅಮ್ಮನದು ಮೆಥಡ್ ಕಾಲ್ ಎಂದು ವಿವರಿಸಿದೆ. ಪ್ರೋಗ್ರಾಮಿನಲ್ಲಿ ನನ್ನ ಹಾಗೆ ಒಂದೊಂದು ಆಕಾರವನ್ನೂ "ನೀನು ದುಂಡೋ, ಚೌಕವೋ?" ಎಂದು ವಿಚಾರಿಸಿ ನಾವೇ ವಿಸ್ತೀರ್ಣ ಲೆಕ್ಕ ಹಾಕಬಹುದು, ಇಲ್ಲವೇ ಅಮ್ಮನ ಹಾಗೆ "ನಿನ್ನ ವಿಸ್ತೀರ್ಣ ನೀನೇ ಹೇಳು" ಎನ್ನಬಹುದು. ಯಾವುದು ಬೇಗ? ಎರಡನ್ನೂ ಕೋಟಿಗಟ್ಟಲೆ ಸಲ ಓಡಿಸಿದೆ. ಟೈಪ್ ಚೆಕ್ ಒಂದಿಷ್ಟು ಹೊತ್ತು ಹಿಡಿಯಿತು. ಮೆಥಡ್ ಕಾಲ್ ಸೊನ್ನೆ!

"ನೋಡ್ರಪ್ಪಾ, ನಮ್ಮಮ್ಮ ಗೆದ್ಬುಟ್ಲು!"

"ಸಾರ್, ಹತ್ತರಷ್ಟು ಸಲ ಓಡಿಸಿ" ಎಂದಳು ಒಬ್ಬ ಹುಡುಗಿ. ಸೊನ್ನೆ. "ನೂರರಷ್ಟು ಸಾರ್!" ಆಗಲೂ ಸೊನ್ನೆ.

"ಪನಿ ಮಾಡ್ದೇನೇ ಕೆಲ್ಸ ಆಯ್ತು ಅಂತೈತೆ ಸಾರ್, ನಮ್ಮಣ್ಣನ ತರ!" ಎಂದ ಹಿಂದಿನ ಬೆಂಚಿನವನು.

ಎಲ್ಲರೂ ನಕ್ಕರು. ನಾನು ಬರೆದದ್ದನ್ನು ಮೊದಲಿನಿಂದ ಮತ್ತೆ ಓದಿದೆ. ಅವನು ತಮಾಷೆಗೆ ಅಂದದ್ದೇ ನಿಜ. ಟೈಪ್ ಚೆಕ್ಕಿನ ಮೊತ್ತವನ್ನು ತೆರೆಯ ಮೇಲೆ ತೋರಿಸು ಎಂದು ಬರೆದಿದ್ದೆ. ಮೆಥಡ್ ಕಾಲಿನದಕ್ಕೆ ಮರೆತಿದ್ದೆ. ಉತ್ತರ ಯಾರಿಗೂ ಬೇಡ ಎಂದು ತಿಳಿದ ಕಂಪ್ಯೂಟರು ಕೆಲಸವನ್ನೇ ಕೈಬಿಟ್ಟಿತ್ತು.

ಸೆಂಟರಿನ ಒಡತಿ ಮೇಡಂ ಬಾಗಿಲ ಬಳಿ ಕೂತು ನೋಡುತ್ತಿದ್ದರು. ಪ್ಲಗ್ ಕಿತ್ತು "ಕರೆಂಟು ಹೋಯ್ತು" ಎನ್ನಲು ಕೈ ತುರಿಸಿತು. ಆದರೆ ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು.

"ತಪ್ಪು ನಂದೇ ಕಣ್ರಪ್ಪಾ," ಎಂದು ಮರೆತದ್ದನ್ನು ಬರೆದು ಮತ್ತೆ ಓಡಿಸಿದೆ. ಎರಡೂ ಹೆಚ್ಚುಕಡಿಮೆ ಸಮ; ಟೈಪ್ ಚೆಕ್ಕೇ ಕೂದಲೆಳೆ ಮುಂದೆ.

"ಅಯ್ಯೋ, ನಿಮ್ಮಮ್ಮ ಸೋತೋದ್ರು ಸಾರ್!"

ಹುಡುಗರು ಬಿಡಲಿಲ್ಲ. ತ್ರಿಕೋನ ಹಾಕಿ, ಷಟ್ಕೋನ ಹಾಕಿ ಎಂದು ಕೂಗಿದರು. ಆಕಾರಗಳು ಹೆಚ್ಚಿದಷ್ಟೂ ವಿಚಾರಣೆ ಉದ್ದವಾಗಿ ಟೈಪ್ ಚೆಕ್ ಹಿಂದೆ ಬಿತ್ತು. ಕ್ಲಾಸು ಮುಗಿಯುವ ಹೊತ್ತು ಮೀರಿದ್ದೂ ಯಾರಿಗೂ ಗೊತ್ತಾಗಲಿಲ್ಲ.

ಈಗ ಆ ಸೆಂಟರಿದ್ದ ಜಾಗದಲ್ಲಿ ಮೊಬೈಲ್ ಅಂಗಡಿ ಇದೆ. ಅದರ ಮುಂದೆ ಹಾದಾಗಲೆಲ್ಲ, ಚೀಲ ಹೆಗಲಿಗೇರಿಸಿ ಮೆಲ್ಲಗೆ ಜಾರಿಕೊಳ್ಳುತ್ತಿದ್ದ ನನ್ನನ್ನು ಅವತ್ತು ಮೇಡಂ ನಿಲ್ಲಿಸಿ ಹೇಳಿದ್ದು ನೆನಪಾಗುತ್ತದೆ:

"ಎಲ್ಲಿಗೋಯ್ತೀಯಪ್ಪಾ? ಹಳೇ ಮೇಷ್ಟ್ರು ಒಂದು ತಪ್ಪೂ ಮಾಡ್ತಿರ್ಲಿಲ್ಲ, ಹುಡುಗ್ರು ಗೊರಕೆ ಹೊಡೀತಿದ್ರು. ಇವತ್ತು ಒಬ್ರೂ ಕಣ್ ಮುಚ್ಚಲಿಲ್ಲ. ಸೋಮವಾರ ಬಾ. ಬರೋವಾಗ ಇನ್ನೊಂದು ಹೊಸ ತಪ್ಪು ತಗೊಂಡ್ ಬಾ."