ಹೆಸರು ಹೇಳದ ಹನ್ನೊಂದು ಮಂದಿ

ತಲೆಬುರುಡೆ ತೆರೆದು, ಮನುಷ್ಯ ಎಚ್ಚರವಾಗಿ ಮಾತಾಡುತ್ತಿರುವಾಗಲೇ ಆಪರೇಷನ್ ಮಾಡುತ್ತೇವೆ ಎಂದು ಸರ್ಜನ್ ಹೇಳಿದಾಗ ನಾನು ಮಾಡಿದ್ದು ಒಂದೇ ಕೆಲಸ. ಕೈಯಲ್ಲಿದ್ದ ನೀರಿನ ಬಾಟಲಿಯ ಮುಚ್ಚಳವನ್ನು ಬಿಗಿ ಮಾಡಿದೆ. ಅದು ಆಗಲೇ ಬಿಗಿಯಾಗಿತ್ತು. ಪಕ್ಕದಲ್ಲಿ ಕೂತಿದ್ದ ನನ್ನ ತಮ್ಮ, ಆ ತಲೆ ಬೇರೆ ಯಾರದೋ ಎನ್ನುವ ಹಾಗೆ, "ನೋವಾಗಲ್ವಾ ಡಾಕ್ಟ್ರೇ?" ಎಂದು ವಿಚಾರಿಸಿದ.

"ಮಿದುಳಿಗೆ ನೋವು ಗೊತ್ತಾಗಲ್ಲ ಸಾರ್. ಚರ್ಮ ಮರಗಟ್ಟೋಕೆ ಇಂಜೆಕ್ಷನ್ ಕೊಡ್ತೀವಿ. ನೀವು ಮಾತಾಡ್ತಾ ಇರಿ, ನಾವು ಗಡ್ಡೆ ತೆಗೀತಾ ಇರ್ತೀವಿ. ಮಾತು ತಪ್ಪಿದ್ರೆ ಅಲ್ಲಿಗೆ ಸ್ಟಾಪ್."

ಗಡ್ಡೆ ಇದ್ದದ್ದು ಎಡಗಡೆ, ಕಿವಿಗಿಂತ ಸ್ವಲ್ಪ ಮುಂದೆ. ಅದರ ನೆರೆಯಲ್ಲೇ ಮನುಷ್ಯರ ಹೆಸರುಗಳು ವಾಸವಾಗಿರುತ್ತವಂತೆ. ತೆಗೆಯುವಾಗ ಸ್ವಲ್ಪ ಆಚೆ ಕತ್ತರಿಸಿದರೂ ಲೋಟ, ಛತ್ರಿ, ಕುರ್ಚಿ ಎಂಬ ಮಾತುಗಳೆಲ್ಲ ಉಳಿದು, ಗೊತ್ತಿರುವವರ ಹೆಸರುಗಳು ಮಾತ್ರ ಅಳಿಸಿಹೋಗಬಹುದು, ಆಮೇಲೆ ಅದು ಉಳಿದ ಮಾತಿಗೂ ಹಬ್ಬಬಹುದು ಎಂದರು. ಅವರು ಇಂಗ್ಲಿಷಿನಲ್ಲಿ ಬಹಳ ಮೃದುವಾಗಿ, ಪೊಲೈಟ್ ಆಗಿ ಹೇಳಿದರು. ಮೃದುವಾಗಿ ಹೇಳಿದ ಮಾತಿಗೇ ನನಗೆ ಹೆಚ್ಚು ಹೆದರಿಕೆ.

ತಮ್ಮ ಮದುವೆಯಾಗಲಿಲ್ಲ. ನನ್ನ ಯಜಮಾನರು ತೀರಿಕೊಂಡ ಮೇಲೆ ಜಯನಗರದ ಅವನ ಮನೆಗೆ ನಾನು ಬಂದು ಸೇರಿದೆ. ಅವನು ಕಾಫಿ ಮಾಡುತ್ತಾನೆ, ನಾನು ತಿಂಡಿ ಮಾಡುತ್ತೇನೆ, ಇಬ್ಬರೂ ಜಗಳ ಆಡುತ್ತೇವೆ. ಜಗಳದ ವಿಷಯ ಹುಟ್ಟಿದಾಗಿನಿಂದ ಒಂದೇ: ಎಲ್ಲ ಕಾಲದ, ಎಲ್ಲ ದೇಶದ ಫುಟ್‌ಬಾಲಿಗರಿಂದ ಹನ್ನೊಂದು ಜನರ ತಂಡ ಕಟ್ಟುವುದು. ಅವನದೊಂದು ತಂಡ, ನನ್ನದೊಂದು.

ಈ ಹುಚ್ಚು ಹಚ್ಚಿದವರು ನಮ್ಮ ತಂದೆ. ವಿಲ್ಸನ್ ಗಾರ್ಡನ್‌ನಲ್ಲಿ ಬಾಡಿಗೆಗಿದ್ದ ಕಾಲದಲ್ಲಿ ನನ್ನನ್ನು ಸೈಕಲ್ಲಿನ ಹಿಂದೆ, ಇವನನ್ನು ಮುಂದಿನ ಬಾರಿನ ಮೇಲೆ ಕೂರಿಸಿಕೊಂಡು ಮ್ಯಾಚಿಗೆ ಕರೆದೊಯ್ಯುತ್ತಿದ್ದರು. ಸುತ್ತಲಿನವರು ಆಟಗಾರರ ಹೆಸರು ಕೂಗಿ ಕೂಗಿ ಕೈ ಕೈ ಮಿಲಾಯಿಸುವುದು ಅವರಿಗೆ ಆಗುತ್ತಿರಲಿಲ್ಲ. "ಹೆಸರು ಯಾರ್ ಬೇಕಾದ್ರೂ ಕೂಗ್ತಾರೆ. ಅವನ ಕಾಲು ಏನ್ ಮಾಡುತ್ತೆ ಅದನ್ನ ಹೇಳಿ" ಎನ್ನುತ್ತಿದ್ದರು. ಅದೇ ನಮ್ಮ ಮನೆಯ ನಿಯಮವಾಯಿತು. ತಂಡಕ್ಕೆ ಒಬ್ಬನನ್ನು ಆರಿಸುವಾಗ ಅವನ ಶಕ್ತಿಯನ್ನಷ್ಟೇ ಹೇಳಬೇಕು. ಬಾಯಿತಪ್ಪಿ ಹೆಸರು ಹೇಳಿದರೆ ಆ ಆಟಗಾರ ಎದುರಾಳಿಯ ಪಾಲು.

ಕಾನ್ವೆಂಟಿನಲ್ಲಿ ಸಿಸ್ಟರುಗಳು ನಮಗೆ ಕಲಿಸಿದ್ದು ಥ್ರೋಬಾಲ್, ನೀಡಲ್‌ವರ್ಕ್ ಮತ್ತು ಅಬ್‌ಸ್ಟ್ರಾಕ್ಟ್ ನೌನ್. ಮೊದಲ ಎರಡು ಮರೆತುಹೋದವು. ಮೂರನೆಯದು ಫುಟ್‌ಬಾಲಿಗೆ ಉಪಯೋಗಕ್ಕೆ ಬಂತು. ಕಂಪೋಷರ್, ಆಂಟಿಸಿಪೇಷನ್, ಗ್ರೇಸ್ ಎಂದು ನಾನು ಹೇಳುವುದು. "ನಿನ್ನ ಗ್ರೇಸ್ ತಗೊಂಡೋಗಿ ಚಾಪೆಲ್‌ನಲ್ಲಿಡು, ನಂಗೆ ಗೋಲ್ ಬೇಕು" ಎಂದು ಅವನು ಹಂಗಿಸುವುದು.

ಆಪರೇಷನ್ನಿಗೆ ಮುಂಚೆ ಸ್ಪೀಚ್ ಥೆರಪಿಸ್ಟ್ ನಮ್ಮಿಬ್ಬರನ್ನೂ ಕೂರಿಸಿಕೊಂಡರು. ಚುರುಕಾದ, ನಡುವಯಸ್ಸಿನ ಹೆಂಗಸು. ಒಳಗೆ ಅವನನ್ನು ಮಾತಾಡಿಸುತ್ತಾ ಇರಬೇಕಾದವರು ಅವರೇ. "ಚಿತ್ರ ತೋರಿಸಿ ಕೇಳೋದು ಸ್ವಲ್ಪ ಹೊತ್ತು ನಡಿಯುತ್ತೆ, ಆಮೇಲೆ ಬೇಜಾರಾಗುತ್ತೆ. ಅಂಕಲ್‌ಗೆ ತುಂಬಾ ಜನರ ಹೆಸರು ಗೊತ್ತಿರೋ ವಿಷ್ಯ ಯಾವ್ದು? ಸಿನಿಮಾನಾ, ನೆಂಟರಿಷ್ಟರಾ?"

"ನೆಂಟರ ಹೆಸರು ಇವನು ಚೆನ್ನಾಗಿದ್ದಾಗ್ಲೂ ಸರಿಯಾಗಿ ಹೇಳಿಲ್ಲ" ಎಂದೆ.

"ಫುಟ್‌ಬಾಲ್" ಎಂದ ಅವನು.

"ಸೂಪರ್. ನಿಮ್ಮ ಆಲ್ ಟೈಮ್ ಟೀಮ್ ಹೇಳಿ, ನೋಡೋಣ."

ಅವನು ಶುರುಮಾಡಿದ. ಗೋಲಿನಲ್ಲಿ ಹಾರದೇ ಇರುವವನು. ಅವನು ನಿಂತ ಜಾಗಕ್ಕೆ ಚೆಂಡೇ ಬರುತ್ತದೆ. ನಾನು ಬಾಯಿ ಹಾಕಿದೆ: ಹಾರದೇ ಇರುವುದು ದೊಡ್ಡದಲ್ಲ, ಡಿಫೆಂಡರುಗಳನ್ನು ಬೈದು ಬೈದು ಸಾಲಾಗಿ ನಿಲ್ಲಿಸುವ ಗೋಲ್‌ಕೀಪರ್ ಬೇಕು. "ಬೈಯೋಕೆ ನೀನೇ ಸಾಕು, ಅವನ್ಯಾಕೆ?" ಎಂದ. ಸೆಂಟರ್ ಬ್ಯಾಕಿಗೆ ನೆಲಕ್ಕೆ ಬೀಳದವನು, ಚಡ್ಡಿಗೆ ಮಣ್ಣಾಗದವನು, ಎದುರಾಳಿ ಎಲ್ಲಿಗೆ ಓಡುತ್ತಾನೆಂದು ಅವನಿಗಿಂತ ಮೊದಲೇ ಗೊತ್ತಿರುವವನು. ನಡುಮೈದಾನಕ್ಕೆ, ಚೆಂಡು ಬರುವ ಮೊದಲೇ ಎರಡೂ ಭುಜದ ಮೇಲಿಂದ ಹಿಂದೆ ನೋಡಿಕೊಳ್ಳುವವನು. ಥೆರಪಿಸ್ಟ್ ನಗುತ್ತಾ, "ಸಾಕು ಸಾಕು, ಇಷ್ಟು ಫ್ಲೋ ಇದ್ರೆ ನಂಗೆ ಚಿಂತೆನೇ ಇಲ್ಲ" ಎಂದು ಎದ್ದರು. ಮೂವರೂ ಖುಷಿಯಾಗಿದ್ದೆವು. ಅಷ್ಟೂ ಹೊತ್ತಿನಲ್ಲಿ ಒಂದೇ ಒಂದು ಹೆಸರು ಯಾರ ಬಾಯಿಂದಲೂ ಬಂದಿರಲಿಲ್ಲ ಎಂಬುದು ಯಾರಿಗೂ ಹೊಳೆಯಲಿಲ್ಲ. ನಮಗಿಬ್ಬರಿಗೆ ಅದು ಉಸಿರಾಡಿದಷ್ಟು ಸಹಜ. ಅವರಿಗೆ ಫುಟ್‌ಬಾಲ್ ಗೊತ್ತಿಲ್ಲ.

ಆಪರೇಷನ್ ದಿನ ಬೆಳಿಗ್ಗೆ ಅವನ ತಲೆ ಬೋಳಿಸಿದ್ದರು. ಬೋಳು ತಲೆಯಲ್ಲಿ ಅವನು ಥೇಟ್ ಚೌಲವಾದ ಮಗುವಿನ ಹಾಗೆ ಕಂಡ. ಸ್ಟ್ರೆಚರಿನಲ್ಲಿ ಹೋಗುವಾಗ, "ನಾನಿಲ್ದಾಗ ಟೀಮ್ ಚೇಂಜ್ ಮಾಡ್ಬೇಡ" ಎಂದ. ನನಗೆ ನಗುವುದಕ್ಕೆ ಆಗಲಿಲ್ಲ. ಹೊರಗೆ ಸಾಲು ಕುರ್ಚಿಗಳಲ್ಲಿ ಒಂದರಲ್ಲಿ ಕೂತೆ. ಚಿಕ್ಕಂದಿನಲ್ಲಿ ಭಯವಾದಾಗ ಸಿಸ್ಟರುಗಳು ಕಲಿಸಿದ ಪ್ರೇಯರ್ ನಾಲಿಗೆಗೆ ಬರುತ್ತಿತ್ತು, ಅದರ ಹಿಂದೆಯೇ ಅಮ್ಮನ ರಾಯರ ಸ್ತೋತ್ರ. ಎರಡೂ ಅರ್ಧರ್ಧಕ್ಕೆ ನಿಂತವು. ಗಾಜಿನ ಬಾಗಿಲು ಪ್ರತಿ ಸಲ ತೆರೆದಾಗಲೂ ಎದ್ದು ನಿಂತು ಮತ್ತೆ ಕೂರುತ್ತಿದ್ದೆ.

ಫೋನ್ ಬಂದಾಗ ಆಸ್ಪತ್ರೆಯ ಹೊರಗಿನಿಂದ ಯಾರೋ ಎಂದುಕೊಂಡೆ. ಥೆರಪಿಸ್ಟ್ ಧ್ವನಿ. ಒಳಗಿನಿಂದಲೇ.

"ಆಂಟಿ, ಬೇಗ ಒಂದ್ ವಿಷ್ಯ ಹೇಳಿ. ಚಿತ್ರಗಳೆಲ್ಲಾ ಸರಿಯಾಗಿ ಹೇಳಿದ್ರು. ಈಗ ಫುಟ್‌ಬಾಲ್ ಕೇಳಿದ್ರೆ ಅಂಕಲ್ ಒಂದೂ ಹೆಸರು ಹೇಳ್ತಿಲ್ಲ. ಗೋಲ್‌ಕೀಪರ್ ಯಾರು ಅಂದ್ರೆ 'ಹಾರದೇ ಇರೋನು' ಅಂತಾರೆ. ಡಿಫೆಂಡರ್ ಯಾರು ಅಂದ್ರೆ 'ಚಡ್ಡಿಗೆ ಮಣ್ಣಾಗದವನು' ಅಂತಾರೆ. ಹೆಸರು ಬರ್ದಿದ್ದಾಗ ಪೇಷೆಂಟ್ಸು ಹೀಗೇ ಸುತ್ತಿಬಳಸಿ ಹೇಳ್ತಾರೆ. ಡಾಕ್ಟ್ರು ಕೈ ನಿಲ್ಲಿಸ್ಕೊಂಡು ಕಾಯ್ತಿದಾರೆ. ಮನೇಲೂ ಅವ್ರು ಹೀಗೇನಾ?"

ಹೌದು ಎನ್ನಲು ಬಾಯಿ ತೆರೆದೆ. ಅಯ್ಯೋ, ಅದು ನಮ್ಮ ಆಟದ ನಿಯಮ, ಅಷ್ಟೇ ಎಂದು ನಕ್ಕುಬಿಡಬೇಕು ಅನ್ನಿಸಿತು. ಆದರೆ ನಾನು ಹೌದು ಎಂದರೆ ಅವರು ಮುಂದಕ್ಕೆ ಕತ್ತರಿಸುತ್ತಾರೆ. ನಿಯಮ ಪಾಲಿಸುವವನೂ ಹೆಸರು ಕಳೆದುಕೊಂಡವನೂ ಆಡುವ ಮಾತು ಒಂದೇ ಅಲ್ಲವೇ? ಅವನು ಆಡುತ್ತಿದ್ದಾನೋ, ಅಳಿಸಿಹೋಗುತ್ತಿದ್ದಾನೋ, ನನಗೆ ಹೇಗೆ ಗೊತ್ತಾಗಬೇಕು?

"ಅದು ನಮ್ಮ ರೂಲು. ಆದ್ರೂ ನಂಗೆ ಗ್ಯಾರಂಟಿ ಇಲ್ಲ" ಎಂದೆ. "ಅವನ ಹತ್ರ ಮಾತಾಡ್ಸಿ."

ಏನೇನೋ ಸರಿದಾಡಿದ ಸದ್ದು. ಫೋನನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಅವನ ಮುಖದ ಹತ್ತಿರ ಹಿಡಿದರೆಂದು ಆಮೇಲೆ ತಿಳಿಯಿತು. ಮೆಷಿನ್ನುಗಳ ಟಿಕ್ ಟಿಕ್, ಎಳನೀರಿನ ತಳಕ್ಕೆ ಸ್ಟ್ರಾ ತಾಗಿದಾಗ ಬರುವಂಥ ಒಂದು ಹೀರುವ ಸದ್ದು. ಅದು ಏನನ್ನು ಹೀರುತ್ತಿದೆ ಎಂದು ಯೋಚಿಸಬಾರದೆಂದು ಕಣ್ಣು ಮುಚ್ಚಿಕೊಂಡೆ.

"ಅಕ್ಕಾ? ನೀನೂ ಒಳಗ್ ಬಂದ್ಬಿಟ್ಯಾ?" ಧ್ವನಿ ಒಣಗಿತ್ತು, ಆದರೆ ಅವನದೇ.

"ಇಲ್ವೋ, ಹೊರಗೇ ಇದೀನಿ. ಕೇಳು, ಇವತ್ತು ರೂಲ್ಸ್ ಕ್ಯಾನ್ಸಲ್. ಅವ್ರು ಕೇಳಿದ್ರೆ ಹೆಸರು ಹೇಳು."

"ಆಹಾ! ಹೇಳಿದ್ರೆ ಅವನು ನಿನ್ನ ಟೀಮಿಗೆ ಹೋಗ್ತಾನೆ. ತಲೆ ತೆಗ್ದಿದಾರೆ ಅಂತ ಬುದ್ಧಿನೂ ತೆಗ್ದಿದಾರೆ ಅನ್ಕೊಂಡ್ಯಾ?"

ಒಳಗೆ ಯಾರೋ ನಕ್ಕರು. ನಾನು ನಗಲಿಲ್ಲ. ಇದರಿಂದಲೂ ಏನೂ ಸಾಬೀತಾಗಲಿಲ್ಲ. ಬಾಯಿ ಚುರುಕಾಗಿರುವವನು ಏನನ್ನಾದರೂ ಮುಚ್ಚಿಕೊಂಡಾನು. ಆಗ ಹೊಳೆಯಿತು. ಅವನ ಹಾರದ ಗೋಲ್‌ಕೀಪರ್‌ಗೆ ಬೇಕೆಂದೇ ಒಬ್ಬ ಫಾರ್ವರ್ಡ್ ಆಟಗಾರನ ಹೆಸರಿಟ್ಟೆ. "ಅವನೇ ತಾನೆ ನಿನ್ನ ಕೀಪರ್ರು?"

"ಏನ್ ತಲೆ ಕೆಟ್ಟಿದ್ಯೇನೇ ನಿಂಗೆ? ಅವನು ಗೋಲ್ ಹೊಡಿಯೋನು!" ಎಂದು ಸಿಡಿದವನೇ ಸರಿಯಾದ ಹೆಸರನ್ನು ಪಟ್ಟೆಂದು ಹೇಳಿದ.

ಹುಟ್ಟಿದ ಮೇಲೆ ಮೊದಲ ಸಲ ಅವನು ಆ ಆಟದಲ್ಲಿ ಹೆಸರು ಹೇಳಿದ್ದು. ಡಿಫೆಂಡರ್‌ಗೂ ತಪ್ಪು ಹೆಸರಿಟ್ಟೆ, ಬೈದು ತಿದ್ದಿದ. ಭುಜದ ಮೇಲಿಂದ ನೋಡುವವನಿಗೂ ಹಾಗೇ. "ಗುಡ್, ಮೇಡಂ. ಹೀಗೇ ಬೈಸ್ಕೊಳ್ತಾ ಇರಿ" ಎಂದರು ಸರ್ಜನ್. ಹೀರುವ ಸದ್ದು ಮತ್ತೆ ಶುರುವಾಯಿತು. ವೆಯ್ಟಿಂಗ್ ಹಾಲಿನಲ್ಲಿ ಎದುರಿಗಿದ್ದವರು, ಫೋನ್ ಹಿಡಿದು ಕಣ್ಣು ಮುಚ್ಚಿ ಫುಟ್‌ಬಾಲಿಗರ ಹೆಸರು ಉಲ್ಟಾಪಲ್ಟಾ ಮಾಡುತ್ತಿದ್ದ ಮುದುಕಿಯನ್ನು ದಿಟ್ಟಿಸುತ್ತಿದ್ದರು. ದಿಟ್ಟಿಸಲಿ.

ಎರಡೂ ಅಂಚಿನಲ್ಲಿ ಓಡುವ ವಿಂಗರುಗಳ ಸರದಿ ಮುಗಿಯಿತು. ಒಬ್ಬ, ಎದುರಾಳಿಯನ್ನು ಭುಜ ಒಂದಿಷ್ಟು ಇಳಿಸಿಯೇ ಬೀಳಿಸುವವನು. ಇನ್ನೊಬ್ಬ, ಗೆರೆಯ ಮೇಲೆ ಓಡುತ್ತಲೇ ತಲೆ ಎತ್ತದೆ ಸರಿಯಾದ ಜಾಗಕ್ಕೆ ಚೆಂಡು ಕಳಿಸುವವನು. ಬೈಗುಳ ಬರಬರುತ್ತಾ ನಿಧಾನವಾಯಿತು. ಸುಸ್ತು ಎಂದುಕೊಂಡೆ.

"ಮುಂದೆ ಯಾರನ್ನ ನಿಲ್ಲಿಸ್ತೀಯ?"

"ಅವನನ್ನೇ. ಚೆಂಡು ಎದೆ ಮೇಲೆ ಬಿದ್ರೆ ಅಲ್ಲೇ ಮಲ್ಕೊಳ್ಳುತ್ತೆ. ಎರಡೂ ಕಾಲು ಒಂದೇ. ಗುಂಪಲ್ಲಿ ಅವನಿಗೆ ಮಾತ್ರ ಟೈಮ್ ಇರುತ್ತೆ."

ಆ ಹೆಸರು ಫುಟ್‌ಬಾಲ್ ನೋಡದವರಿಗೂ ಗೊತ್ತು. ನಮ್ಮ ಬೀದಿಯ ಹೂವಿನ ಅಜ್ಜಿಗೂ ಗೊತ್ತು.

"ಹೆಸರು?"

"ಹೆಸರು... ಅದೇ ಕಣೇ."

ಕಾದೆ. ಟಿಕ್ ಟಿಕ್. ಅವನು ಆಟ ಆಡಿಸುವಾಗ ಮೂಗಿನಲ್ಲಿ ಒಂದು ಸಣ್ಣ ಸದ್ದು ಮಾಡುತ್ತಾನೆ. ಅದಕ್ಕಾಗಿ ಕಿವಿ ಒತ್ತಿಕೊಂಡೆ. ಬರಲಿಲ್ಲ. ತಪ್ಪು ಹೆಸರು ಇಟ್ಟೆ. ಎಷ್ಟು ತಪ್ಪೆಂದರೆ, ಅದನ್ನು ಕೇಳಿ ಅವನು ಟೇಬಲ್ಲಿನಿಂದ ಎದ್ದು ಬಂದು ನನ್ನ ಜುಟ್ಟು ಹಿಡಿಯಬೇಕಿತ್ತು.

ಅವನು ಮೆಲ್ಲಗೆ, ವಿನಯದಿಂದ, "ಇರ್ಬಹುದು" ಎಂದ.

ಆ ಆಟದಲ್ಲಿ ನನಗೆ ಅವನು ಒಂದು ಸಲವೂ ಇರಬಹುದು ಎಂದವನಲ್ಲ.

"ಡಾಕ್ಟ್ರೇ, ನಿಲ್ಲಿಸಿ!"

"ಮೇಡಂ, ಆರ್ ಯೂ ಶ್ಯೂರ್? ಸುಸ್ತಾಗಿರ್ಬಹುದು. ಸ್ವಲ್ಪ ಉಳ್ಕೊಂಡಿದೆ."

"ಸುಸ್ತಲ್ಲ. ಅವನು ಒಪ್ಕೊಂಡ. ಪ್ಲೀಸ್, ನಿಲ್ಲಿಸಿ."

ಹೀರುವ ಸದ್ದು ನಿಂತಿತು. ಫೋನ್ ಕಟ್ಟಾಯಿತು. ಯಾರೋ ಪುಣ್ಯಾತ್ಮರು ನನ್ನ ಕೈಗೆ ಟೀ ಕೊಟ್ಟರು. ಕುಡಿದೆನೋ ಇಲ್ಲವೋ ನೆನಪಿಲ್ಲ.

ಸಂಜೆ ಸರ್ಜನ್ ಬಂದು ಪಕ್ಕದಲ್ಲೇ ಕೂತರು. ಬಹುಪಾಲು ತೆಗೆದಿದ್ದೇವೆ, ಸಣ್ಣ ಚೂರು ಬಿಟ್ಟಿದ್ದೇವೆ, ಅದು ಸುಮ್ಮನಿರಬಹುದು, ಬೆಳೆಯಲೂಬಹುದು, ಸ್ಕ್ಯಾನ್ ಮಾಡಿಸುತ್ತಾ ಇರಬೇಕು ಎಂದರು. ನಾನು ಬೇಡವೆಂದದ್ದಕ್ಕೆ ಉಳಿದ ಚೂರು ಅದು. ಅವರು ಹಾಗೆ ಹೇಳಲಿಲ್ಲ. ನಾನೇ ಹೇಳಿಕೊಂಡೆ.

ಮನೆಗೆ ಬಂದು ಕೆಲವು ದಿನಗಳಾದ ಮೇಲೆ, ಹುರುಳಿಕಾಯಿ ನಾರು ತೆಗೆಯುತ್ತಾ ಕೂತಿದ್ದವನು ಆ ಹೆಸರನ್ನು ಸೀನಿದಷ್ಟು ಸಲೀಸಾಗಿ ಹೇಳಿದ. ಅವನಿಗೆ ಸಂತೋಷ. ನಾನು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟು ನಿಂತೆ. ಹಾಗಾದರೆ ಅದು ಹೋಗಿರಲೇ ಇಲ್ಲವೇ? ಸುಸ್ತಾಗಿ ಒಂದು ಗಳಿಗೆ ತಪ್ಪಿಸಿಕೊಂಡಿತ್ತಷ್ಟೇ? ಇನ್ನೊಂದು ಉಸಿರು ಕಾದಿದ್ದರೆ ಆ ಚೂರೂ ಹೊರಗೆ ಬರುತ್ತಿತ್ತೇ? ಕೊನೆಗೆ ತಡೆಯಲಾರದೆ ಅವನನ್ನೇ ಕೇಳಿದೆ.

ಅವನು ಒಂದು ಹುರುಳಿಕಾಯಿಯ ನಾರನ್ನು ತುದಿಯವರೆಗೂ ಎಳೆದ. "ಕಾಲು ಕಾಣ್ತಿತ್ತು ಅಕ್ಕ. ಚೆಂಡು ಕಾಣ್ತಿತ್ತು. ಹೆಸರಿದ್ದ ಜಾಗದಲ್ಲಿ ಏನೂ ಇರ್ಲಿಲ್ಲ. ಭಯನೂ ಇರ್ಲಿಲ್ಲ, ಅದೇ ಈಗ ನೆನೆಸ್ಕೊಂಡ್ರೆ ಭಯ" ಎಂದ. ಆಮೇಲೆ, "ನೀನು ನಿಲ್ಸಿದ್ದು ಒಳ್ಳೇದಾಯ್ತೋ ಕೆಟ್ಟದಾಯ್ತೋ ನಂಗೊತ್ತಿಲ್ಲ" ಎಂದೂ ಹೇಳಿದ. ಸಮಾಧಾನಕ್ಕಾದರೂ ಸುಳ್ಳು ಹೇಳಲಿಲ್ಲ.

ಮೊದಲ ಸ್ಕ್ಯಾನಿನಲ್ಲಿ ಚೂರು ಇದ್ದ ಹಾಗೇ ಇತ್ತು. ಮತ್ತೆ ಬನ್ನಿ ಎಂದರು. ವಾಪಸು ಬರುವಾಗ ಆಟೋದಲ್ಲಿ ಅವನು ಬನಶಂಕರಿಯ ಟ್ರಾಫಿಕ್ಕನ್ನು ಬೈಯುತ್ತಾ ಕೂತಿದ್ದ. ನಾನು ಮಾತು ಕೇಳುತ್ತಿರಲಿಲ್ಲ, ಮಾತಿನ ನಡುವಿನ ಸಂದುಗಳನ್ನು ಕೇಳುತ್ತಿದ್ದೆ. ಅವನು ಉಸಿರಿಗೆ ನಿಂತರೂ ಈಗ ನನ್ನ ಎದೆ ನಿಲ್ಲುತ್ತದೆ.

ಸಿಗ್ನಲ್ ದಾಟಿದ ಮೇಲೆ ಆಟೋದವರು ತಿರುಗಿ, "ಜಯನಗರ ಯಾವ್ ಬ್ಲಾಕ್ ಸಾರ್?" ಎಂದರು.

ತಮ್ಮ ಬಾಯಿ ತೆರೆದ. ಏನೂ ಬರಲಿಲ್ಲ. ಉತ್ತರ ನನ್ನ ನಾಲಿಗೆಯ ತುದಿಯಲ್ಲಿತ್ತು. ಆಟೋದ ಕಂಬಿಯನ್ನು ಬಿಗಿಯಾಗಿ ಹಿಡಿದುಕೊಂಡು, ಹಲ್ಲು ಕಚ್ಚಿ, ಈ ಸಲ ನಾನು ಇನ್ನೊಂದು ಉಸಿರು ಕಾದೆ.

"ಇರಿ ಅಣ್ಣ, ಹೇಳ್ತೀನಿ" ಎಂದ ಅವನು.