ಇಬ್ಬರು ಅಪ್ಪಂದಿರ ಮಗಳ ಅರ್ಜಿ

ಕೊಡಗು ಇನ್ನೂ ತನ್ನದೇ ಒಂದು ರಾಜ್ಯವಾಗಿದ್ದ ಕಾಲ ಅದು. ಮೇಷ್ಟರ ಕೆಲಸಕ್ಕೆ ತರಬೇತಿ ಕೊಡುವ ಶಾಲೆಗೆ ನಾನು ಅರ್ಜಿ ಹಾಕಿದ್ದೆ, ಅದು ಮಂಜೂರೂ ಆಗಿತ್ತು. ಶಿರಂಗಾಲದಿಂದ ಹೆಣ್ಣುಮಗಳೊಬ್ಬಳು ಟ್ರೈನಿಂಗಿಗೆ ಮಡಿಕೇರಿಗೆ ಹೋಗುತ್ತಾಳೆ ಎಂದರೆ ಸಣ್ಣ ಮಾತಲ್ಲ. ಕಾಗದ ಬಂದ ದಿನ ನಾನು ಅಂಗಳದಿಂದ ಗದ್ದೆಯವರೆಗೆ ಓಡಿದೆ, ಗದ್ದೆಯಿಂದ ಮತ್ತೆ ಅಂಗಳಕ್ಕೆ ಓಡಿದೆ. ಯಾಕೆ ಓಡುತ್ತಿದ್ದೇನೆಂದು ನನಗೇ ಗೊತ್ತಿರಲಿಲ್ಲ. ಕಾಗದದ ಎರಡನೆಯ ಪುಟವನ್ನು ಓದಿದ್ದು ಅಪ್ಪ.

"ಇಲ್ಲೇನೋ ಬರ್ದವ್ರೆ ಕಣೆ. ಹುಟ್ಟಿದ ಲೆಕ್ಕದಲ್ಲಿ ತಂದೆ ಹೆಸರು ಒಂದಂತೆ, ಶಾಲೆ ಸರ್ಟಿಫಿಕೇಟಿನಲ್ಲಿ ಇನ್ನೊಂದಂತೆ. ದತ್ತುಪತ್ರ ಇದ್ರೆ ತೋರಿಸ್ಬೇಕಂತೆ, ಇಲ್ದಿದ್ರೆ ತಾಲ್ಲೂಕು ಸುಬೇದಾರರ ಹತ್ರ ಬರೆಸ್ಕಂಡು ಬರ್ಬೇಕಂತೆ. ಹದಿನೈದು ದಿನದೊಳಗೆ."

ಇದರಲ್ಲಿ ಗುಟ್ಟೇನೂ ಇರಲಿಲ್ಲ. ನನ್ನನ್ನು ಹೆತ್ತವಳು ಅಮ್ಮನ ತಂಗಿ, ಶನಿವಾರಸಂತೆಯ ಚಿಕ್ಕಮ್ಮ. ಮನೆಯಲ್ಲಿ ಮೊದಲೇ ಮೂರು ಮಕ್ಕಳಿದ್ದಾಗ ಅವಳಿಗೆ ಅವಳಿ ಹೆಣ್ಣುಮಕ್ಕಳು ಹುಟ್ಟಿದವು. ಮಕ್ಕಳಿಲ್ಲದ ಅಮ್ಮ ತಂಗಿಯ ಬಾಣಂತನಕ್ಕೆಂದು ಹೋದವಳು ಮೂರು ತಿಂಗಳು ಅಲ್ಲೇ ನಿಂತಳು. ಹೊರಡುವ ದಿನ ತೊಟ್ಟಿಲಿನಿಂದ ಒಂದು ಕೂಸನ್ನು ಎತ್ತಿಕೊಂಡು ಗಾಡಿ ಹತ್ತಿದಳು. ಆ ಕೂಸು ನಾನು. ಇನ್ನೊಂದು ಕೂಸು, ಅಂದರೆ ನನ್ನ ಜೊತೆಯವಳು, ಚಿಕ್ಕಮ್ಮನ ಮನೆಯಲ್ಲೇ ಬೆಳೆದಳು. ಶಾಲೆಗೆ ಸೇರಿಸುವಾಗ ಅಪ್ಪ ತನ್ನ ಹೆಸರನ್ನೇ ಬರೆಸಿದ್ದ. ಶನಿವಾರಸಂತೆಯ ಪಟೇಲರ ಜನನ ಪುಸ್ತಕದಲ್ಲಿ ಮಾತ್ರ ಚಿಕ್ಕಪ್ಪನ ಹೆಸರಿನ ಮುಂದೆ 'ಹೆಣ್ಣು ಒಂದು, ಹೆಣ್ಣು ಎರಡು' ಎಂದಷ್ಟೇ ಇತ್ತು.

"ದತ್ತುಪತ್ರ ಇತ್ತು," ಎಂದು ಅಪ್ಪ ಅಮ್ಮನೆದುರು ಹಟ ಹಿಡಿದ. "ನಿಮ್ಮಪ್ಪನೇ ಶಾನುಭೋಗರ ಕೈಲಿ ಬರೆಸಿದ್ದು. ಅಟ್ಟದ ಮೇಲೆ ಬಿದಿರ ಕೊಳವೆಯಲ್ಲಿ ಅದೆ."

ಅಟ್ಟ ಹತ್ತಿದವಳು ನಾನೇ. ಜೇಡರ ಬಲೆಯನ್ನು ತಲೆಗೆಲ್ಲ ಸುತ್ತಿಕೊಂಡು ಕೊಳವೆ ಹಿಡಿದು ಇಳಿದೆ. ಅಪ್ಪ ಮುಚ್ಚಳ ತೆಗೆದು ಬೋರಲು ಹಾಕಿದರೆ ಜಗುಲಿಯ ತುಂಬ ಬೀಜ ಚೆಲ್ಲಿತು.

"ಅಯ್ಯೋ, ನನ್ನ ಸೌತೆ ಬೀಜ!" ಎಂದು ಅಮ್ಮ ಕೂತಲ್ಲಿಂದಲೇ ಕೂಗಿದಳು. "ಐದು ವರ್ಷದಿಂದ ಹುಡುಕ್ತಾ ಇದ್ನಲ್ಲೇ!"

ಮಗಳ ಭವಿಷ್ಯ ಪಕ್ಕಕ್ಕಿಟ್ಟು ಅವಳು ಬೀಜ ಆರಿಸತೊಡಗಿದಳು. ಅಪ್ಪನಿಗೆ ಸಿಟ್ಟು ಬಂತು, ಆಮೇಲೆ ನಗು ಬಂತು, ಕೊನೆಗೆ ಅವನೂ ಆರಿಸಲು ಕೂತ.

ಶನಿವಾರ ಮೂವರೂ ಬಸ್ಸು ಹತ್ತಿ ಚಿಕ್ಕಮ್ಮನ ಮನೆಗೆ ಹೋದೆವು. ಚಿಕ್ಕಪ್ಪ ಸಂತೆಯಿಂದ ಆಗಷ್ಟೇ ಬಂದಿದ್ದ. ವಿಷಯ ಕೇಳಿ, "ಆ ಕಾಗದ ನಿಮ್ಮ ಹತ್ರ ತಾನೇ ಇರೋದು, ಅಣ್ಣ?" ಎಂದ.

"ನಿನ್ನ ಹತ್ರ ಇಲ್ವಾ?"

"ಕೊಟ್ಟೋನು ನಾನು. ಕಾಗದ ಇಟ್ಕಳೋನು ಇಸ್ಕಂಡೋನಲ್ವಾ?"

ಶಾನುಭೋಗರು ತೀರಿಕೊಂಡು ವರ್ಷಗಳಾಗಿದ್ದವು. ಅವರ ಕಡತಗಳನ್ನು ಗೆದ್ದಲು ತಿಂದಿತ್ತು. ಸಾಲದ್ದಕ್ಕೆ ಹೊಸ ತಕರಾರೊಂದು ಎದ್ದಿತು. ಪುಸ್ತಕದ 'ಹೆಣ್ಣು ಒಂದು', 'ಹೆಣ್ಣು ಎರಡು' ಇವರಲ್ಲಿ ನಾನು ಯಾರು? ತಾನು ತಂದದ್ದು ಮೊದಲು ಹುಟ್ಟಿದ ಕೂಸನ್ನು ಎಂದಳು ಅಮ್ಮ. ಎರಡನೆಯದನ್ನು ಎಂದಳು ಚಿಕ್ಕಮ್ಮ. ಹದಿನೆಂಟು ವರ್ಷ ಈ ಮಾತು ಬಂದಿರಲೇ ಇಲ್ಲ. ಈಗ ಅಕ್ಕತಂಗಿಯರಿಬ್ಬರೂ ಸೆರಗು ಸಿಕ್ಕಿಸಿಕೊಂಡು ನಿಂತುಬಿಟ್ಟರು.

"ಇಷ್ಟು ದಿನ ನಾನೇ ದೊಡ್ಡೋಳು ಅಂತ ನಿನಗೆ ಬುದ್ಧಿ ಹೇಳ್ತಿದ್ದೆ," ಎಂದು ನನ್ನ ಜೊತೆಯವಳು ಕಿವಿಯಲ್ಲಿ ಪಿಸುಗುಟ್ಟಿದಳು. "ಮರ್ಯಾದೆ ಹೋಗೋ ಹಂಗದೆ." ನಾವಿಬ್ಬರೂ ಬಾಯಿಗೆ ದಾವಣಿ ಅಡ್ಡ ಹಿಡಿದು ನಕ್ಕೆವು.

ಕೊನೆಗೆ ನಮ್ಮನ್ನು ಭೂಮಿಗೆ ತಂದ ಸೂಲಗಿತ್ತಿ ಅಜ್ಜಿಯನ್ನೇ ಕರೆಸಿದರು. ಅವಳಿಗೆ ಕಣ್ಣು ಮಂಜಾಗಿತ್ತು, ನಾಲಿಗೆ ಮಂಜಾಗಿರಲಿಲ್ಲ.

"ಮೊದಲು ಬಂದದ್ದು ಬೆಟ್ಟ ಬಿರಿಯೋ ಹಂಗೆ ಕಿರುಚ್ತು. ಆಮೇಲೆ ಬಂದದ್ದು ಸುಮ್ನೆ ಮಿಕಮಿಕ ನೋಡ್ತು. ಎಲ್ಲಿ, ಇಬ್ರೂ ಮಾತಾಡಿ ನೋಡುವ."

ನಾನು "ಅಜ್ಜಿ" ಎಂದೆ. ಜೊತೆಯವಳೂ "ಅಜ್ಜಿ" ಎಂದಳು. ಮುದುಕಿ ತಡಮಾಡದೆ ನನ್ನ ಕೈ ಹಿಡಿದಳು.

"ಇದೇ. ಇವತ್ತಿಗೂ ಕಿವಿ ತೂತು ಮಾಡ್ತದೆ ನೋಡು."

ಹೀಗೆ ನಾನು 'ಹೆಣ್ಣು ಒಂದು' ಆದೆ.

ಸೋಮವಾರ ಏಳು ಜನ ಸೋಮವಾರಪೇಟೆಯ ಸುಬೇದಾರರ ಕಚೇರಿಯ ಮುಂದೆ ಇಳಿದೆವು: ಇಬ್ಬರು ಅಪ್ಪಂದಿರು, ಇಬ್ಬರು ಅಮ್ಮಂದಿರು, ಇಬ್ಬರು ನಾವು, ಒಬ್ಬಳು ಸೂಲಗಿತ್ತಿ. ಗುಮಾಸ್ತರು ಕನ್ನಡಕ ಏರಿಸಿ ನಮ್ಮಿಬ್ಬರನ್ನೂ ನೋಡಿದರು, ಕನ್ನಡಕ ಇಳಿಸಿ ಇನ್ನೊಮ್ಮೆ ನೋಡಿದರು.

"ಅರ್ಜಿದಾರಳು ಯಾರು?"

"ನಾನು," ಎಂದೆ.

"ತಂದೆ ಯಾರು?"

ಅಪ್ಪ "ನಾನು" ಎಂದ. ಪಾಪ, ಸುಳ್ಳು ಹೇಳಬಾರದೆಂದು ಚಿಕ್ಕಪ್ಪನೂ "ನಾನು" ಎಂದ. ಗುಮಾಸ್ತರು ಲೇಖನಿ ಕೆಳಗಿಟ್ಟರು.

"ಹಾಗಾದ್ರೆ ಈ ಹುಡುಗಿ?" ಎಂದು ಜೊತೆಯವಳ ಕಡೆ ಬೆರಳು ಮಾಡಿದರು.

"ಅವ್ಳು ಹೆಣ್ಣು ಎರಡು, ಸ್ವಾಮಿ," ಎಂದಳು ಸೂಲಗಿತ್ತಿ.

ಅಲ್ಲಿಗೆ ನಮ್ಮಿಬ್ಬರ ನಗು ಕಟ್ಟೆಯೊಡೆಯಿತು. ಅಮ್ಮ ಹಿಂದಿನಿಂದ ಚಿವುಟಿದಳು. ಚಿವುಟಿದ್ದು ನನ್ನನ್ನಲ್ಲ, ಜೊತೆಯವಳನ್ನು. ಅವಳು ಇನ್ನಷ್ಟು ನಕ್ಕಳು. ಗದ್ದಲ ಕೇಳಿ ಸುಬೇದಾರರೇ ನಮ್ಮನ್ನು ಒಳಗೆ ಕರೆಸಿದರು.

ಅವರು ಎಲ್ಲವನ್ನೂ ಕೇಳಿದರು. ಅಟ್ಟ, ಬಿದಿರ ಕೊಳವೆ, ಗೆದ್ದಲು, ಎಲ್ಲ. ಆಮೇಲೆ ಕುರ್ಚಿಗೆ ಒರಗಿ ನಿಧಾನವಾಗಿ ಹೇಳಿದರು:

"ಗೌಡರೇ, ಆ ಕಾಗದ ಸಿಕ್ಕಿದ್ದರೂ ಪ್ರಯೋಜನ ಇರಲಿಲ್ಲ. ಈಗಿನ ಕಾನೂನಿನಲ್ಲಿ ದತ್ತು ಅನ್ನೋದು ಗಂಡುಮಗುವಿಗೆ ಮಾತ್ರ. ಹೆಣ್ಣುಮಗುವಿನ ದತ್ತುಪತ್ರ ನಡೆಯೋದಿಲ್ಲ."

ಅಪ್ಪ ಹೆಗಲ ಮೇಲಿನ ವಸ್ತ್ರ ತೆಗೆದು ಕೈಯಲ್ಲಿ ಹಿಂಡತೊಡಗಿದ.

"ಹಂಗಾರೆ ಇವ್ಳು ನನ್ನ ಮಗಳಲ್ವಾ, ಸ್ವಾಮಿ?"

ಅಲ್ಲಿಯವರೆಗೆ ಇಡೀ ಪ್ರಸಂಗ ನನಗೆ ತಮಾಷೆಯಾಗಿತ್ತು. ಈಗ ಮಡಿಕೇರಿಯೂ ಬೇಡ, ಟ್ರೈನಿಂಗೂ ಬೇಡ, ಮನೆಗೆ ಹೋಗೋಣ ಎನ್ನಿಸಿತು.

"ನಾನು ಹಾಗೆ ಎಲ್ಲಿ ಹೇಳಿದೆ?" ಎಂದರು ಸುಬೇದಾರರು. "ಆಸ್ತಿ ಹಂಚೋದಾದರೆ ಬೇರೆ ಮಾತು. ಶಾಲೆಯವರಿಗೆ ಬೇಕಾದದ್ದು ಇಷ್ಟೇ: ಪುಸ್ತಕದಲ್ಲಿರುವ ಕೂಸು ಇವಳೇ ಅಂತ, ಸಾಕಿದ್ದು ಯಾರು ಅಂತ, ಊರವರು ಇವಳನ್ನು ಯಾರ ಮಗಳು ಅಂತ ಕರೀತಾರೆ ಅಂತ. ಅಷ್ಟನ್ನ ಪ್ರಮಾಣ ಮಾಡಿ ಹೇಳಿ. ನಾನು ಸಹಿ ಹಾಕ್ತೀನಿ."

ನನಗೆ ಮೇಜಿನ ಮೇಲೆ ಹತ್ತಿ ಕುಣಿಯಬೇಕೆನ್ನಿಸಿತು. ಗುಮಾಸ್ತರು ಬರೆಯುತ್ತಾ 'ಸಾಕುತಂದೆ' ಎಂದು ಗಟ್ಟಿಯಾಗಿ ಓದಿದರು.

"ಸಾಕೋದು ಅಂದ್ರೆ ನಾಯಿ ಸಾಕ್ದಂಗಾಯ್ತಲ್ಲ, ಸ್ವಾಮಿ," ಎಂದು ಅಮ್ಮ ತಡೆದಳು. ಅದನ್ನು ಹೊಡೆದುಹಾಕಿ 'ಪೋಷಕ ತಂದೆ' ಎಂದು ಬರೆದರು. ಅದು ದೊಡ್ಡ ಮಾತೆನ್ನಿಸಿ ಅಮ್ಮ ಒಪ್ಪಿದಳು.

ಮುಂದೆ ಚಿಕ್ಕಪ್ಪನ ಹೇಳಿಕೆ. "ಈಕೆಯ ಮೇಲೆ ನನಗೆ ಯಾವ ಹಕ್ಕೂ ಇರುವುದಿಲ್ಲ," ಎಂದು ಗುಮಾಸ್ತರು ಬರೆಯಹೊರಟರು.

"ಹಂಗೆ ಬರೀಬೇಡಿ," ಎಂದಳು ಚಿಕ್ಕಮ್ಮ. ಬೆಳಗಿನಿಂದ ಅವಳು ಹೆಚ್ಚು ಮಾತಾಡಿರಲಿಲ್ಲ. "ಹಕ್ಕಿಲ್ಲ ಅಂತ ಬರೆದ್ಮೇಲೆ ಹಬ್ಬಕ್ಕೆ ಕರೆಯಾಕೂ ಆಗಲ್ವಾ?"

ಅಮ್ಮ ತಂಗಿಯ ಕೈ ಹಿಡಿದುಕೊಂಡಳು. ಸುಬೇದಾರರು ಗುಮಾಸ್ತರ ಕಡೆ ತಿರುಗಿ, "ಆ ಸಾಲು ಬೇಡ ಬಿಡ್ರಿ. ಇವಳು ನನ್ನ ಮಗಳೇ, ನನ್ನ ಹೆಂಡತಿಯ ಅಕ್ಕನ ಮನೆಯಲ್ಲಿ ಬೆಳೆದವಳು ಅಂತ ಬರೀರಿ, ಸಾಕು," ಎಂದರು. ಚಿಕ್ಕಪ್ಪ ಸಹಿ ಹಾಕಿದ. ಅಪ್ಪ ಹಾಕಿದ. ಸೂಲಗಿತ್ತಿ ಹೆಬ್ಬೆಟ್ಟು ಒತ್ತಿದಳು. ಒಂದು ಸಾಲದೆಂದು ಎರಡು ಸಲ ಒತ್ತಿದಳು.

ಹೊರಗೆ ಬಂದು ಹೋಟೆಲಿನಲ್ಲಿ ಏಳು ಜನರೂ ದೋಸೆ ತಿಂದೆವು. ದುಡ್ಡು ಕೊಡುವಾಗ ಅಪ್ಪನೂ ಚಿಕ್ಕಪ್ಪನೂ "ನನ್ನ ಮಗಳ ಕೆಲಸ, ನಾನೇ ಕೊಡ್ತೀನಿ" ಎಂದು ಜಗಳಕ್ಕೆ ಬಿದ್ದರು. ಗುಮಾಸ್ತರ ಮುಂದೆ ಆಗಿದ್ದೇ ಇಲ್ಲೂ ಆಯಿತು.

ಮುಂದಿನ ವಾರ ಮಡಿಕೇರಿಯಲ್ಲಿ ಹೆಡ್ ಮಿಸ್ಟ್ರೆಸ್ಸು ನನ್ನ ಕಾಗದವನ್ನು ತೆಗೆದುಕೊಂಡು, ಕೆಳಗಿನ ಮೊಹರನ್ನಷ್ಟೇ ನೋಡಿ, ಕಟ್ಟಿನೊಳಗೆ ಸೇರಿಸಿಬಿಟ್ಟರು. ನನಗೆ ಸಹಿಸಲಾಗಲಿಲ್ಲ.

"ಒಂದ್ಸಲ ಓದಿ ಟೀಚರ್," ಎಂದೆ.

ಅವರು ಹುಬ್ಬೇರಿಸಿದರು. ಕಾಗದವನ್ನು ಮತ್ತೆ ಹೊರಗೆಳೆದು ಮೊದಲಿನಿಂದ ಕೊನೆಯವರೆಗೆ ಓದಿದರು. ಬೆಟ್ಟ ಬಿರಿಯುವಂತೆ ಕಿರುಚಿದ ಕೂಸು ಇವಳೇ ಎಂಬ ಸೂಲಗಿತ್ತಿಯ ಹೇಳಿಕೆ ಮುಗಿದು ಎರಡು ಹೆಬ್ಬೆಟ್ಟುಗಳ ಹತ್ತಿರ ಬಂದಾಗ ಅವರ ತುಟಿ ಸ್ವಲ್ಪ ಸಡಿಲವಾಯಿತು.

"ನಿನ್ನ ಗಂಟಲು ಪರವಾಗಿಲ್ಲ," ಎಂದರು. "ಬೆಳಗಿನ ಪ್ರಾರ್ಥನೆ ನೀನೇ ಹೇಳಿಕೊಡು."