ಬಾಣಂತಿ ಕೂದಲು

ನನ್ನ ಅತ್ತೆಯನ್ನು ನಾನು ಕ್ಷಮಿಸಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಕೊನೆಗೆ ಎಲ್ಲೋ ಮನಸ್ಸು ಕರಗೀತು ಎಂದು ಯಾರೂ ಕಾಯುವುದು ಬೇಡ.

ಮೊದಲ ಹೆರಿಗೆಗೆ ತವರಿಗೆ ಹೋಗಿದ್ದೆ. ಶ್ರೀರಾಂಪುರದ ಹತ್ತಿರದ ನಮ್ಮೂರಿನಲ್ಲಿ ಬಾಣಂತನವೆಂದರೆ ಹೆತ್ತವ್ವನ ಪರೀಕ್ಷೆ. ಮಗಳು ಮೈಕೈ ತುಂಬಿಕೊಂಡು ಗಂಡನ ಮನೆಗೆ ಹೋದರೆ ಅವ್ವ ಪಾಸು, ಸೊರಗಿ ಹೋದರೆ ಫೇಲು. ನಮ್ಮವ್ವ ಬೆಳಗಾಗುವ ಮೊದಲೇ ಎದ್ದು ಹಂಡೆಗೆ ಉರಿ ಹಾಕಿ, ನನಗೆ ಎಣ್ಣೆ ತಿಕ್ಕಿ, ಸುಡುಸುಡು ನೀರು ಹೊಯ್ದು, ಸಾಂಬ್ರಾಣಿ ಹೊಗೆ ಹಿಡಿದು, ತಲೆಗೆ ಬಟ್ಟೆ ಕಟ್ಟಿ ಮಲಗಿಸುತ್ತಿದ್ದಳು. ಬೆಳ್ಳುಳ್ಳಿ, ಮೆಣಸಿನ ಸಾರು ತಿಂದು ತಿಂದು ನನಗೆ ಬೇಸರ ಬಂದಿತ್ತು, ಮಾಡಿಹಾಕುವ ಅವಳಿಗೆ ಬಂದಿರಲಿಲ್ಲ.

ನಾಲ್ಕನೆಯ ತಿಂಗಳಲ್ಲಿ ಕೂದಲು ಉದುರಲು ಶುರುವಾಯಿತು. ಬಾಚಣಿಗೆಯಲ್ಲಿ, ದಿಂಬಿನ ಮೇಲೆ, ಮಗುವಿನ ಮುಷ್ಟಿಯಲ್ಲಿ ಕೂಡ. ಅವ್ವ ಹೆದರಿ, ನೀರು ಬಿದ್ದರೆ ಇನ್ನೂ ಉದುರುತ್ತದೆ ಎಂದು ತಲೆಸ್ನಾನವನ್ನೇ ನಿಲ್ಲಿಸಿದಳು. ಎರಡು ವಾರದ ಮೇಲೆ ತಲೆಗೆ ನೀರು ಹಾಕಿದಾಗ ತಡೆದು ನಿಂತದ್ದೆಲ್ಲ ಒಟ್ಟಿಗೇ ಕೈಗೆ ಬಂತು. ಬಚ್ಚಲ ತೂತು ಕಟ್ಟಿಕೊಂಡು ನೀರು ನಿಂತಿತು. ಅವ್ವ ಅಷ್ಟನ್ನೂ ಉಂಡೆ ಮಾಡಿ ಬಚ್ಚಲುಮನೆಯ ಗೋಡೆಯ ಸಂದಿಗೆ ತುರುಕಿದಳು. ನಮ್ಮ ಕಡೆ ಹೆಂಗಸರು ಉದುರಿದ ಕೂದಲನ್ನು ಎಸೆಯುವುದಿಲ್ಲ. ಮೊಪೆಡ್ಡಿನಲ್ಲಿ ಬರುವ ಕೂದಲಿನವನಿಗೆ ಕೊಟ್ಟು ಪಿನ್ನೋ ಸ್ಟೀಲ್ ಬಟ್ಟಲೋ ಇಸಕೊಳ್ಳುತ್ತಾರೆ.

ಆ ವಾರವೇ ಮಗುವನ್ನು ನೋಡಲು ಹೊಳಲ್ಕೆರೆಯಿಂದ ಅತ್ತೆ ಬಂದರು. ಕಾಲು ತೊಳೆಯಲು ಬಚ್ಚಲಿಗೆ ಹೋದವರು ಉಂಡೆಯನ್ನು ಕೈಯಲ್ಲಿ ಹಿಡಿದುಕೊಂಡೇ ಹೊರಗೆ ಬಂದರು. ನಡುಮನೆಯಲ್ಲಿ ಅಕ್ಕಪಕ್ಕದ ಹೆಂಗಸರೂ ಕುಳಿತಿದ್ದರು.

"ಇದೇನ್ರಿ ಬೀಗ್ರೆ, ಇಷ್ಟು ಕೂದ್ಲು? ನನ್ ಸೊಸೆ ಹೊಟ್ಟಿಗೆ ಏನ್ ಹಾಕ್ತಿದ್ರಿ?"

ಅವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ ನಿಂತಳು, ಕೈ ಒದ್ದೆಯೇ ಇರಲಿಲ್ಲ. ನನಗೆ ಎದ್ದು ಹೋಗಿ ಆ ಉಂಡೆಯನ್ನು ಅತ್ತೆಯ ಬಾಯಿಗೇ ತುರುಕಬೇಕು ಅನ್ನಿಸಿತು. ಮಡಿಲಲ್ಲಿ ಮಗು ಹಾಲು ಕುಡಿಯುತ್ತಿತ್ತು, ಏಳಲಾಗಲಿಲ್ಲ.

ನಾನು ಗಂಡನ ಮನೆಗೆ ಬರುವ ಹೊತ್ತಿಗೆ ಅವ್ವನ ಬಾಣಂತನದ ಸುದ್ದಿ ನನಗಿಂತ ಮುಂಚೆ ಬಂದು ನೆಂಟರ ಮನೆಗಳನ್ನೆಲ್ಲ ಸುತ್ತಿತ್ತು. ಎಲ್ಲಿಗೆ ಹೋದರೂ ಮೊದಲು ನನ್ನ ನೆತ್ತಿ ನೋಡಿ, ಆಮೇಲೆ ಮುಖ ನೋಡುತ್ತಿದ್ದರು. ಅತ್ತೆಯೇ ನನ್ನನ್ನು ದುರ್ಗದ ಚರ್ಮದ ಡಾಕ್ಟರ ಹತ್ತಿರ ಕರೆದೊಯ್ದರು. ಡಾಕ್ಟರ ಬಾಯಲ್ಲೂ ಅವ್ವನ ತಪ್ಪು ಹೇಳಿಸುವ ಆಸೆ.

ಆ ಡಾಕ್ಟರಮ್ಮ ಹೇಳಿದ್ದೇ ಬೇರೆ. ಒಂದೊಂದು ಕೂದಲೂ ಕೆಲವು ವರ್ಷ ಬೆಳೆಯುತ್ತದೆ, ಬೆಳವಣಿಗೆ ನಿಂತ ಮೇಲೆ ಎರಡು ಮೂರು ತಿಂಗಳು ಸುಮ್ಮನಿರುತ್ತದೆ, ಆಮೇಲೆ ಬೀಳುತ್ತದೆ. ಅದೇ ಬುಡದಿಂದ ಹೊಸದು ಹುಟ್ಟುತ್ತದೆ. ಸರದಿಯ ಮೇಲೆ ಬೀಳುವುದರಿಂದ ನಮಗೆ ಗೊತ್ತಾಗುವುದಿಲ್ಲ. ಬಸುರಿಯಾಗಿದ್ದಾಗ ಬೀಳಬೇಕಾದದ್ದೂ ಬೀಳದೆ ನಿಂತಿರುತ್ತದೆ, ಜಡೆ ದಪ್ಪ ಕಾಣುತ್ತದೆ. ಹೆರಿಗೆಯಾದೊಡನೆ ಅವೆಲ್ಲ ಒಟ್ಟಿಗೇ ಬೆಳೆಯುವುದು ಬಿಟ್ಟು, ಮೂರ್ನಾಲ್ಕು ತಿಂಗಳಿಗೆ ಒಟ್ಟಿಗೇ ಉದುರುತ್ತವೆ. ಇದರಲ್ಲಿ ಬಾಣಂತನದ ತಪ್ಪೇನೂ ಇಲ್ಲ, ಹೆಚ್ಚಿನವರಿಗೆ ವರ್ಷದೊಳಗೆ ಸರಿಹೋಗುತ್ತದೆ ಎಂದರು. ಬಸ್ಸು ಹೊಳಲ್ಕೆರೆ ಮುಟ್ಟುವವರೆಗೂ ಅತ್ತೆ ಆ ಡಾಕ್ಟರನ್ನು ಬೈದರು. ಮಾತ್ರೆ ಬರೆಯದವರು ಎಂಥ ಡಾಕ್ಟರು?

ಅವ್ವನಿಗೆ ಫೋನಿನಲ್ಲಿ ಎಲ್ಲ ಬಿಡಿಸಿ ಹೇಳಿದೆ. ಅವಳು ನಂಬಲಿಲ್ಲ. ನನ್ನ ಸಮಾಧಾನಕ್ಕೆ ಹೇಳುತ್ತೀಯ ಎಂದಳು. ಮಗಳ ಮಾತಿಗೆ ಏನು ಬೆಲೆ, ಕಳಂಕ ಹೊರಿಸಿದವರೇ ಅದನ್ನು ಇಳಿಸಬೇಕಿತ್ತು. ಅವರೋ, ನನ್ನ ಹಣೆಯ ಅಂಚಿನಲ್ಲಿ ಮೋಟು ಕೂದಲು ಚಿಗುರಿ ನೆಟ್ಟಗೆ ನಿಂತಾಗ ಅದು ತಮ್ಮ ಮನೆಯ ಎಣ್ಣೆಯ ಪ್ರತಾಪ ಎಂದು ಸಾರಿದರು.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಮರುವರ್ಷ ಹಿರಿಯೂರಿಗೆ ಕೊಟ್ಟಿದ್ದ ನಾದಿನಿ ಹೆರಿಗೆಗೆ ಬಂದಳು. ಅತ್ತೆಯದೇ ಕೈ, ಅತ್ತೆಯದೇ ಎಣ್ಣೆ. ನಾಲ್ಕು ತಿಂಗಳಿಗೆ ಅವಳ ಕೂದಲೂ ಹಿಡಿ ಹಿಡಿ ಬಂತು. ನನಗೆ ಖುಷಿಯಾಯಿತು, ಸುಳ್ಳೇಕೆ ಹೇಳಲಿ. ಅಳುತ್ತ ಕೂತ ಮಗಳ ತಲೆ ಸವರುತ್ತ ಅತ್ತೆ ಹೇಳಿದರು:

"ಅಳಬ್ಯಾಡ ಕಣವ್ವ. ಹೆರಿಗೆ ಆದ್ಮೇಲೆ ಉದುರ್ತೈತೆ, ತಿರುಗಾ ಬರ್ತೈತೆ. ದುರ್ಗದ ಡಾಕ್ಟ್ರೇ ಹೇಳಿದ್ರಲ್ಲ. ಇದ್ರಾಗೆ ಯಾರ್ದೂ ತಪ್ಪಿಲ್ಲ."

ನನ್ನ ಮೈಯೆಲ್ಲ ಉರಿದುಹೋಯಿತು. ಅವ್ವನ ನಂಬರು ಒತ್ತಿ ಫೋನನ್ನು ಅವರ ಮುಂದೆ ಹಿಡಿದೆ.

"ಇದ್ನೇ ನಮ್ಮವ್ವಂಗೂ ಹೇಳ್ರಿ ಅತ್ತೆ."

ಆ ಕಡೆಯಿಂದ ಅವ್ವ ಹಲೋ ಅನ್ನುತ್ತಿದ್ದಳು. ಅತ್ತೆ ತೆಗೆದುಕೊಳ್ಳಲೇಬೇಕಾಯಿತು. ಮಳೆ ಆಯ್ತೇನ್ರಿ ಎಂದು ಕೇಳಿದರು, ಮೊಮ್ಮಗಳು ಓಡಾಡುತ್ತಾಳೆ ಎಂದರು, ಬಿಡುವಾದಾಗ ಬನ್ನಿ ಎಂದರು. ಫೋನು ನನ್ನ ಕೈಗೆ ಕೊಟ್ಟು ಅಡುಗೆಮನೆಗೆ ಹೋದರು. ಕೂದಲಿನ ಮಾತೇ ಎತ್ತಲಿಲ್ಲ.

ಕಿವಿಗಿಟ್ಟುಕೊಂಡರೆ ಅವ್ವ ಅಳುತ್ತಿದ್ದಳು. ಉಂಡೆ ಹಿಡಿದು ಬಂದ ಆವತ್ತಿನಿಂದ ಬೀಗಿತ್ತಿ ಅವಳ ಜೊತೆ ಒಂದು ಮಾತೂ ಆಡಿರಲಿಲ್ಲ.

"ಎಷ್ಟು ಚೆನ್ನಾಗಿ ಮಾತಾಡಿದ್ರವ್ವ," ಅಂದಳು. "ನನ್ ತಪ್ಪು ಮರ್ತಂಗೈತೆ."